ಮೂರು ಕಿಲೋವ್ಯಾಟ್ ಸಾಕು: ಮಂಗಳೂರಿನ ತಾರಸಿ, ಮೆಸ್ಕಾಂ ಬಿಲ್ಲು ಮತ್ತು ಸೋಲಾರ್ ಲೆಕ್ಕ

ಸೋಲಾರ್ ಮಾರುವವರು ಫೋನ್ ಎತ್ತಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: “ತಿಂಗಳಿಗೆ ಬಿಲ್ಲು ಎಷ್ಟು ಬರ್ತದೆ?” ಎರಡೂವರೆ ಸಾವಿರ ಎಂದರೆ ಮೂರು ಕಿಲೋವ್ಯಾಟ್, ನಾಲ್ಕು ಸಾವಿರ ಎಂದರೆ ಐದು ಕಿಲೋವ್ಯಾಟ್. ತಾರಸಿ ನೋಡುವ ಮೊದಲೇ ಉತ್ತರ ತಯಾರಿರುತ್ತದೆ. ನಾಲ್ಕು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್, ಆಮೇಲೆ ಇಪ್ಪತ್ತೊಂದು ವರ್ಷ ಕರೆಂಟು ಪುಕ್ಕಟೆ ಎಂಬ ಮಾತೂ ಜೊತೆಗೇ ಬರುತ್ತದೆ.

ಬಿಲ್ಲಿನ ಮೊತ್ತದಿಂದ ಸೋಲಾರ್ ಗಾತ್ರ ಹೇಳಲು ಹೊರಡುವುದರಲ್ಲೇ ಎಡವಟ್ಟಿದೆ. ಮಂಗಳೂರಿಗೆ ಕರೆಂಟು ಪೂರೈಸುವ ಮೆಸ್ಕಾಂನ ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಂಬ ಸಾಲೊಂದಿದೆ. ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟೋ ಅಷ್ಟಕ್ಕೂ, 2025-26ರ ದರದಂತೆ, ಕಿಲೋವ್ಯಾಟ್ ಒಂದಕ್ಕೆ ತಿಂಗಳಿಗೆ 145 ರೂಪಾಯಿ. ನೀವು ಒಂದು ಯೂನಿಟ್ಟೂ ಸುಡದಿದ್ದರೂ ಅದು ಬರುತ್ತದೆ. ತಾರಸಿ ತುಂಬ ಪ್ಯಾನೆಲ್ ಹಾಸಿದರೂ ಅದು ಹೋಗುವುದಿಲ್ಲ. ಕದ್ರಿಯಲ್ಲಿ 6 ಕಿಲೋವ್ಯಾಟ್ ಲೋಡ್ ಇರುವ ಒಂದು ಮನೆ, ಕುಲಶೇಖರದಲ್ಲಿ 2 ಕಿಲೋವ್ಯಾಟಿನ ಇನ್ನೊಂದು ಮನೆ ಎಂದಿಟ್ಟುಕೊಳ್ಳಿ. ಇಬ್ಬರ ಬಿಲ್ಲೂ 2,500. ಮೊದಲನೆಯದರಲ್ಲಿ 870 ರೂಪಾಯಿ ನಿಗದಿತ ಶುಲ್ಕಕ್ಕೇ ಹೋಗಿ, ಉಳಿದ ಹಣಕ್ಕೆ ಸಿಕ್ಕಿದ್ದು ಸುಮಾರು 244 ಯೂನಿಟ್. ಎರಡನೆಯದರಲ್ಲಿ ಶುಲ್ಕ ಬರೇ 290. ಬಳಕೆ 330ರ ಮೇಲೆ. ಒಂದೇ ಮೊತ್ತದ ಬಿಲ್ಲು, ಬಳಕೆಯಲ್ಲಿ 87 ಯೂನಿಟ್ ಅಂತರ. ಹಾಗಾಗಿ ಕೈಗೆತ್ತಿಕೊಳ್ಳಬೇಕಾದದ್ದು ಹನ್ನೆರಡು ತಿಂಗಳ ಬಿಲ್ಲು, ಅದರಲ್ಲೂ ಎರಡೇ ಸಾಲು: ಬಳಸಿದ ಯೂನಿಟ್, ಮಂಜೂರಾದ ಲೋಡ್.

ಇನ್ನು, ತಪ್ಪಿಸಿದ ಒಂದು ಯೂನಿಟ್‌ಗೆ ನಿಮ್ಮ ಜೇಬಿನಲ್ಲಿ ಉಳಿಯುವುದೆಷ್ಟು? 2025-26ರ ದರಪಟ್ಟಿಯಂತೆ ಮನೆಬಳಕೆಯ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ ಶೇಕಡ 9 ವಿದ್ಯುತ್ ತೆರಿಗೆ. ನೌಕರರ ಪಿಂಚಣಿ-ಗ್ರಾಚ್ಯುಟಿಗೆಂದು ಗ್ರಾಹಕರ ಹೆಗಲಿಗೆ ಬಂದ 36 ಪೈಸೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಬಿಟ್ಟರೆ, ಒಟ್ಟು 6 ರೂಪಾಯಿ 68 ಪೈಸೆ. ಲೆಕ್ಕ ಹಾಕಬೇಕಾದದ್ದು ಈ ಸಂಖ್ಯೆಯ ಮೇಲೆ. ಈಗಲೂ ಕೆಲವು ಕೊಟೇಶನ್‌ಗಳಲ್ಲಿ ಯೂನಿಟ್‌ಗೆ ಎಂಟು ರೂಪಾಯಿ ಎಂದು ಹಿಡಿದಿರುತ್ತಾರೆ. ಅದು ಹಳೆಯ ಕಾಲದ ಕತೆ. 2023ರಲ್ಲಿ 100 ಯೂನಿಟ್ ದಾಟಿದ ಮನೆಗೆ ಅಷ್ಟೂ ಯೂನಿಟ್‌ಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಲ್ಲಿ ಸ್ಲ್ಯಾಬ್‌ಗಳೇ ಹೋಗಿ ಎಲ್ಲರಿಗೂ 5.90 ಆಯಿತು, ಮರುವರ್ಷ ಹತ್ತು ಪೈಸೆ ಇಳಿಯಿತು, ಬದಲಿಗೆ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು. ಹೆಚ್ಚು ಬಳಸುವವರಿಗೆ ಯೂನಿಟ್ ಅಗ್ಗವಾಗಿ, ಸೋಲಾರ್ ಮುಟ್ಟಲಾಗದ ಭಾಗ ದುಬಾರಿಯಾಯಿತು. ಸೋಲಾರ್ ಹಾಕಿಸುವವನ ಮಟ್ಟಿಗೆ ಎರಡೂ ನಷ್ಟದ ಬದಲಾವಣೆಗಳೇ.

ಈಗ ಬಿಸಿಲಿಗೆ ಬರೋಣ. “ಒಂದು ಕಿಲೋವ್ಯಾಟ್, ದಿನಕ್ಕೆ ನಾಲ್ಕು ಯೂನಿಟ್” ಎಂಬುದು ದೇಶವಿಡೀ ಓಡಾಡುವ ಸೂತ್ರ. ಪಾವಗಡ, ಚಿತ್ರದುರ್ಗದ ಬಯಲಿನಲ್ಲಿ ಅದು ಸಲೀಸಾಗಿ ಸಿಗುತ್ತದೆ. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ಸ್ವಲ್ಪ ಕೈಬಿಗಿ ಹಿಡಿದು ಲೆಕ್ಕ ಹಾಕುವುದು ಒಳ್ಳೆಯದು. ಫೆಬ್ರವರಿ-ಮಾರ್ಚಿನಲ್ಲಿ ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕೂವರೆ ಯೂನಿಟ್ ದಾಟಿದರೆ, ಜುಲೈ-ಆಗಸ್ಟಿನ ಆಟಿ ತಿಂಗಳ ಮೋಡದಲ್ಲಿ ಎರಡೂವರೆಯ ಆಸುಪಾಸು. ವರ್ಷಕ್ಕೆ 1,300ರಿಂದ 1,400 ಎಂದು ಹಿಡಿದರೆ ಮೋಸವಿಲ್ಲ.

ಮಳೆಗಾಲ ಸೋಲಾರ್‌ಗೆ ಶತ್ರು ಎಂದು ಊರಿನವರು ಹೇಳುವುದು ಅರ್ಧ ಸತ್ಯ. ನಮ್ಮ ಬಳಕೆಯೂ ಆಗಲೇ ಇಳಿಯುತ್ತದಲ್ಲ. ಏಪ್ರಿಲ್-ಮೇಯಲ್ಲಿ ಎಸಿ ಒಂದು ಕಡೆ, ಹಗಲೂ ರಾತ್ರಿ ತಿರುಗುವ ಫ್ಯಾನು ಇನ್ನೊಂದು ಕಡೆ, ಬಾವಿ ಬತ್ತಿದಷ್ಟೂ ಹೆಚ್ಚು ಹೊತ್ತು ಓಡುವ ಪಂಪು ಮತ್ತೊಂದು ಕಡೆ; ಬಿಲ್ಲು ನೆತ್ತಿಗೇರುವುದು ಬಿಸಿಲಿರುವಾಗಲೇ. ಜುಲೈಯಲ್ಲಿ ಎಸಿಯ ರಿಮೋಟ್ ಎಲ್ಲಿಟ್ಟಿದ್ದೇವೆಂದೇ ನೆನಪಿರುವುದಿಲ್ಲ. ಉತ್ಪಾದನೆಯ ಏರಿಳಿತವೂ ಬಳಕೆಯ ಏರಿಳಿತವೂ ಹೀಗೆ ಹೆಚ್ಚುಕಡಿಮೆ ಜೊತೆಯಾಗಿ ನಡೆಯುತ್ತವೆ. ಈ ಜೊತೆ ತಪ್ಪುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ: ಆಕಾಶ ಶುಭ್ರ, ಸೆಕೆ ಕಡಿಮೆ, ಕರೆಂಟು ಮಿಗುತ್ತದೆ. ಮಿಕ್ಕಿದ್ದನ್ನು ಮೆಸ್ಕಾಂ ಕೊಳ್ಳುತ್ತದೆ. ಆದರೆ ನಾವು ಕೊಡುವ ದರಕ್ಕಲ್ಲ. ಸಬ್ಸಿಡಿ ಪಡೆದ ಮನೆಗೆ ಎರಡರಿಂದ ಮೂರು ರೂಪಾಯಿಯ ಮಟ್ಟದಲ್ಲಿ. ಒಂದು ತಿಂಗಳೊಳಗೆ ಕೊಟ್ಟದ್ದು-ತಕ್ಕೊಂಡದ್ದು ಯೂನಿಟ್‌ಗೆ ಯೂನಿಟ್ ವಜಾ ಆಗುತ್ತದೆ; ಆಮೇಲೂ ಉಳಿದದ್ದಕ್ಕೆ ಮಾತ್ರ ಈ ಚಿಲ್ಲರೆ ದರ. ನನ್ನ ಪ್ರಕಾರ ಗಾತ್ರದ ಪ್ರಶ್ನೆ ನಿಂತಿರುವುದೇ ಇಲ್ಲಿ: ಒಂದು ಯೂನಿಟ್ ನಿಮ್ಮ ಬಳಕೆಯನ್ನು ತಪ್ಪಿಸಿದರೆ 6.68, ಮೆಸ್ಕಾಂಗೆ ಹೋದರೆ ಎರಡೂವರೆ.

ಒಂದು ಮನೆಯನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಬಿಜೈ ಕಡೆಯ ಒಂದು ಮನೆ, ಒಂದೇ ಎಸಿ, 3 ಕಿಲೋವ್ಯಾಟ್ ಲೋಡ್. ಜನವರಿಯಲ್ಲಿ 280 ಯೂನಿಟ್, ಏಪ್ರಿಲ್‌ನಲ್ಲಿ 450, ಜುಲೈಯಲ್ಲಿ 240. ವರ್ಷಕ್ಕೆ ಒಟ್ಟು 3,810. ಮೂರು ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 4,050 ಯೂನಿಟ್ ಕೊಡುತ್ತದೆ. ತಿಂಗಳು ತಿಂಗಳು ಜೋಡಿಸಿ ನೋಡಿದರೆ ಅದರಲ್ಲಿ 3,600ರಷ್ಟು ಮನೆಯ ಬಳಕೆಗೆ ವಜಾ ಆಗುತ್ತದೆ, 450ರಷ್ಟು ಮಿಗುತ್ತದೆ. ಉಳಿತಾಯ ವರ್ಷಕ್ಕೆ 25 ಸಾವಿರ ರೂಪಾಯಿ. ಸಾಧಾರಣ ತಾರಸಿಗೆ ಕಿಲೋವ್ಯಾಟಿಗೆ 65 ಸಾವಿರ ಎಂದು ಹಿಡಿದರೆ ಖರ್ಚು 1.95 ಲಕ್ಷ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ಸಬ್ಸಿಡಿ. ಕೈಯಿಂದ ಹೋಗುವುದು 1.17 ಲಕ್ಷ. ನಾಲ್ಕೂಮುಕ್ಕಾಲು ವರ್ಷಕ್ಕೆ ವಾಪಸ್. ಮಾರಾಟಗಾರರ ಮಾತು ಪೂರ್ತಿ ಸುಳ್ಳಲ್ಲ ಎಂದಾಯಿತು.

ಇದೇ ಮನೆಗೆ ಎರಡು ಕಿಲೋವ್ಯಾಟ್ ಹಾಕಿಸಿದರೆ ಒಂದು ಯೂನಿಟ್ಟೂ ಮಿಗುವುದಿಲ್ಲ. ವರ್ಷಕ್ಕೆ 18 ಸಾವಿರ ಉಳಿತಾಯ; ಘಟಕ ಚಿಕ್ಕದಾದಷ್ಟೂ ಕಿಲೋವ್ಯಾಟಿನ ಖರ್ಚು ತುಸು ಏರುವುದರಿಂದ ಸಬ್ಸಿಡಿ ಕಳೆದು 80 ಸಾವಿರದ ಹತ್ತಿರ. ನಾಲ್ಕೂವರೆ ವರ್ಷ. ಎರಡೂ ಸರಿಯೇ, ಮನೆಯವರ ಕೈಯಲ್ಲಿರುವ ದುಡ್ಡು ನೋಡಿಕೊಂಡು ಆರಿಸಿಕೊಳ್ಳಬಹುದು.

ಐದಕ್ಕೆ ಹೋದಾಗ ಚಿತ್ರ ಕೆಡುತ್ತದೆ. ಖರ್ಚು 3 ಲಕ್ಷ ಎಂದುಕೊಳ್ಳಿ. ಸಬ್ಸಿಡಿ ಮೂರು ಕಿಲೋವ್ಯಾಟಿಗೇ ನಿಲ್ಲುತ್ತದೆ. ಐದಕ್ಕೂ ಅದೇ 78 ಸಾವಿರ. ಹೆಚ್ಚುವರಿ ಎರಡು ಕಿಲೋವ್ಯಾಟಿಗೆ ನೀವು ಹಾಕಿದ್ದು 1.05 ಲಕ್ಷ. ಅದು ತಯಾರಿಸುವ ಕರೆಂಟಿನಲ್ಲಿ ಬಹುಪಾಲು ಮೆಸ್ಕಾಂಗೆ ಎರಡೂವರೆ ರೂಪಾಯಿಗೆ ಹೋಗುವುದರಿಂದ ವರ್ಷದ ಹೆಚ್ಚುವರಿ ಲಾಭ ಏಳೂವರೆ ಸಾವಿರ. ಹದಿನಾಲ್ಕು ವರ್ಷ ಬೇಕು. ಇನ್ನೂ ಒಂದು ಸಂಗತಿಯಿದೆ: ಮಂಜೂರಾದ ಲೋಡ್‌ಗಿಂತ ದೊಡ್ಡ ಘಟಕ ಬೇಕೆಂದರೆ ಲೋಡ್ ಏರಿಸಿಕೊಳ್ಳಬೇಕು. ಮೂರರಿಂದ ಐದಕ್ಕೆ ಏರಿದರೆ ನಿಗದಿತ ಶುಲ್ಕದಲ್ಲೇ ವರ್ಷಕ್ಕೆ 3,480 ರೂಪಾಯಿ ಹೆಚ್ಚು. ಲಾಭದ ಅರ್ಧ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ ಅಸಲು ಹುಟ್ಟಲು ಇಪ್ಪತ್ತೈದು ವರ್ಷ, ಅಂದರೆ ಪ್ಯಾನೆಲ್‌ನ ವಾರಂಟಿ ಮುಗಿಯುವ ಹೊತ್ತು. ಎಲೆಕ್ಟ್ರಿಕ್ ಕಾರು ಕೊಳ್ಳುವ, ಗ್ಯಾಸ್ ಬಿಟ್ಟು ಇಂಡಕ್ಷನ್‌ಗೆ ಹೋಗುವ ಗಟ್ಟಿ ಯೋಚನೆ ಇದ್ದವರ ಮಾತು ಬೇರೆ. “ಹೇಗೂ ಜಾಗ ಉಂಟಲ್ಲ” ಎಂದು ಹಾಕಿಸುವ ಐದು ಕಿಲೋವ್ಯಾಟಿನಿಂದ ಲಾಭವಾಗುವುದು ಹಾಕಿಸಿದವನಿಗಲ್ಲ, ಹಾಕಿದವನಿಗೆ.

ಇಷ್ಟೆಲ್ಲ ಲೆಕ್ಕ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಹೊರಗಿರುವ ಮನೆಗೆ. 2023ರ ಜುಲೈಯಿಂದ ಕರ್ನಾಟಕದ ಬಹುಪಾಲು ಮನೆಗಳಿಗೆ ಸೋಲಾರ್ ಪ್ರಶ್ನೆ ಏಳುವುದೇ ಇಲ್ಲ. 2022-23ರ ಸರಾಸರಿ ಬಳಕೆ, ಮೇಲೆ ಶೇಕಡ 10, ಒಟ್ಟಾರೆ 200ರ ಮಿತಿ: ಅಷ್ಟರೊಳಗೆ ಬಿಲ್ಲೇ ಸೊನ್ನೆ. ಸೊನ್ನೆಯಿಂದ ಉಳಿಸಲು ಏನಿದೆ?

ನಡುವೆ ಸಿಕ್ಕಿಕೊಂಡ ಮನೆಗಳದ್ದು ಮಾತ್ರ ಕುತೂಹಲದ ಸ್ಥಿತಿ. ಸರಾಸರಿ 170 ಇದ್ದ ಮನೆಗೆ 187 ಯೂನಿಟ್ ಉಚಿತ. ವರ್ಷದಲ್ಲಿ ಒಂಬತ್ತು ತಿಂಗಳು ಬಿಲ್ಲಿಲ್ಲ. ಮಾರ್ಚಿನಲ್ಲಿ 210, ಏಪ್ರಿಲ್‌ನಲ್ಲಿ 230, ಮೇಯಲ್ಲಿ 225 ಆದಾಗ 200ರ ಗೆರೆ ದಾಟಿ, ಹೆಚ್ಚುವರಿ ಯೂನಿಟ್‌ಗೆ ಮಾತ್ರವಲ್ಲ, ಅಷ್ಟಕ್ಕೂ ಪೂರ್ತಿ ಬಿಲ್ಲು ಬೀಳುತ್ತದೆ. ಮೂರು ತಿಂಗಳಿಗೆ ನಿಗದಿತ ಶುಲ್ಕ ಸೇರಿ 5,700 ರೂಪಾಯಿ. ಆ ಸಿಟ್ಟಿನಲ್ಲಿ ಎರಡು ಕಿಲೋವ್ಯಾಟ್ ಸೋಲಾರ್‌ಗೆ 80 ಸಾವಿರ ಹಾಕಿದರೆ ಅದು ಹುಟ್ಟಲು ಹದಿನಾಲ್ಕು ವರ್ಷ. ಅದರ ಬದಲು 75 ವ್ಯಾಟಿನ ಹಳೆಯ ಫ್ಯಾನ್ ತೆಗೆದು 30-35 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಒಂದು ಫ್ಯಾನಿನಲ್ಲಿ ತಿಂಗಳಿಗೆ ಹದಿನಾಲ್ಕು ಯೂನಿಟ್ ಉಳಿಯುತ್ತದೆ. ಮೂರು ಫ್ಯಾನಿಗೆ ನಲವತ್ತಮೂರು. ಆ ಮೂರೂ ತಿಂಗಳು 187ರೊಳಗೆ ಬಂದುಬಿಡುತ್ತವೆ. ಮೂರು ಫ್ಯಾನಿಗೆ ಒಂಬತ್ತು ಸಾವಿರ ಖರ್ಚಾದರೂ ಎರಡು ಬೇಸಗೆಯಲ್ಲಿ ವಸೂಲು. ತಾರಸಿಯ ಮೇಲೆ ಏನೂ ಹೊಳೆಯುವುದಿಲ್ಲ, ನೆರೆಯವರು ಬಂದು ನೋಡುವುದೂ ಇಲ್ಲ, ಆದರೆ ಲೆಕ್ಕದಲ್ಲಿ ಇದನ್ನು ಮೀರಿಸುವಂಥದ್ದು ಈ ಲೇಖನದಲ್ಲಿ ಬೇರೆ ಇಲ್ಲ.

ತಲಪಾಡಿ ಗೇಟು ದಾಟಿದರೆ ಇದೇ ಬಿಸಿಲು, ಇದೇ ಮಳೆ, ಲೆಕ್ಕ ಮಾತ್ರ ಬೇರೆ. ಕಾಸರಗೋಡಿನ ಮನೆಗೆ ಕೇರಳದ ವಿದ್ಯುತ್ ಮಂಡಳಿಯ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಮೇಲಿನ ದರ. 2024ರ ಡಿಸೆಂಬರ್ ಪರಿಷ್ಕರಣೆಯ ನಂತರ ಅದು ಆರೂಮುಕ್ಕಾಲಿನಿಂದ ಶುರುವಾಗಿ 500 ದಾಟಿದವರಿಗೆ ಒಂಬತ್ತರ ಮೇಲಿದೆ. ಉಚಿತದ ಮಾತಿಲ್ಲ. ಸೂರ್ಯಘರ್‌ನಲ್ಲಿ ಗುಜರಾತ್, ಮಹಾರಾಷ್ಟ್ರದ ಸಾಲಿನಲ್ಲಿ ಪುಟ್ಟ ಕೇರಳ ಮುಂದೆ ಇರುವುದೂ ನಾವು ಹಿಂದೆ ಬಿದ್ದಿರುವುದೂ ಇದರಿಂದ. ಮಂಗಳೂರಿನವರಿಗೆ ಪರಿಸರದ ಕಾಳಜಿ ಕಡಿಮೆ ಎಂದೇನೂ ಅಲ್ಲ. ಮಂಜೇಶ್ವರದ ಭಾವನ ಮನೆಯಲ್ಲಿ ಮೂರೂವರೆ ವರ್ಷಕ್ಕೆ ದುಡ್ಡು ಹುಟ್ಟಿತೆಂದು ಕೇಳಿ ತೊಕ್ಕೊಟ್ಟಿನಲ್ಲಿ ಹಾಕಿಸಿದರೆ ಅದೇ ಫಲ ಸಿಗದು.

ದರದ ಆದೇಶ ಎಷ್ಟು ಆಟ ಆಡಿಸುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯದ ಹಳೆಯ ಉದಾಹರಣೆಯೂ ಇದೆ. 2013ರ ಅಕ್ಟೋಬರ್‌ನಲ್ಲಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಚಾವಣಿ ಸೋಲಾರ್‌ಗೆ ನಿಗದಿ ಮಾಡಿದ ಖರೀದಿ ದರ ಯೂನಿಟ್‌ಗೆ 9 ರೂಪಾಯಿ 56 ಪೈಸೆ. ಸಬ್ಸಿಡಿ ಪಡೆದವರಿಗೆ 7.20. ಮನೆಯವರು ಕೊಡುತ್ತಿದ್ದ ದರಕ್ಕಿಂತ ಹೆಚ್ಚು! ಆಗ ತಾರಸಿ ತುಂಬ ಹಾಸಿದವನೇ ಜಾಣ. ಒಪ್ಪಂದ ಇಪ್ಪತ್ತೈದು ವರ್ಷದ್ದು. 2016ರಲ್ಲಿ ದರ ಇಳಿಯಿತು, ಆಮೇಲೆ ಇಳಿಯುತ್ತಲೇ ಬಂತು. ಅದಕ್ಕೂ ಹಿಂದೆ, 1995ರಲ್ಲಿ ಹರೀಶ್ ಹಂದೆಯವರ ಸೆಲ್ಕೋ ಕರಾವಳಿ-ಮಲೆನಾಡಿನ ಕಡೆ ಸೋಲಾರ್ ದೀಪ ಹಚ್ಚಲು ಹೊರಟಾಗ ಬಿಲ್ಲಿನ ಪ್ರಶ್ನೆಯೇ ಇರಲಿಲ್ಲ. ಲೈನ್ ಬಾರದ ಮನೆಗೆ ಎದುರಾಳಿ ಸೀಮೆಎಣ್ಣೆ. ಬ್ಯಾಂಕುಗಳು, ಮುಂದೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯಂಥ ಸಂಸ್ಥೆಗಳು ಸಾಲ ಕೊಟ್ಟಾಗ ಕಂತು ತೀರಿದ್ದು ಸೀಮೆಎಣ್ಣೆಗೆ ಹೋಗುತ್ತಿದ್ದ ದುಡ್ಡಿನಿಂದ. ಪ್ಯಾನೆಲ್ ಅಂದು ಹಲವು ಪಟ್ಟು ದುಬಾರಿ, ಆದರೂ ಲೆಕ್ಕ ಕೂಡಿ ಬಂತು.

ಕಾಗದ ಬಿಟ್ಟು ಮಾಡಿಗೆ ಹತ್ತೋಣ. ಮಂಗಳೂರಿನ ಮಾಡು ಕೊಟೇಶನ್ ಬರೆಯುವವರಿಗೆ ಬಗ್ಗುವಂಥದ್ದಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಶುರುಮಾಡಿದ ಹಂಚಿನ ಕಾರ್ಖಾನೆಯ ಸಂತಾನ ಇನ್ನೂ ಎಷ್ಟೋ ಮನೆಗಳ ಮೇಲಿದೆ. ಹಂಚಿನ ಮೇಲೆ ಮನುಷ್ಯ ಹತ್ತಿದರೇ ಒಡೆಯುತ್ತದೆ. ಪಕಾಸಿಗೆ ಕೊಕ್ಕೆ ಬಿಗಿದು ಹಳಿ ಕೂರಿಸಬೇಕು, ಮೊದಲು ಆ ಮರವೇ ಗಟ್ಟಿ ಇದೆಯೇ ನೋಡಬೇಕು. ತಾರಸಿ ಮನೆಗಳಲ್ಲಿ ಎಷ್ಟೋ ಸೋರುವ ಸ್ಲ್ಯಾಬ್‌ಗೆ ಹೆದರಿ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹಾಕಿಸಿಕೊಂಡವು. ಮಳೆಗಾಲದ ಬಟ್ಟೆ ಒಣಗುವುದು, ತೆಂಗಿನಕಾಯಿ ರಾಶಿ ಬೀಳುವುದು ಅದರಡಿಯಲ್ಲೇ. ಸೋರಬಾರದೆಂದು ಹಾಕಿದ ಶೀಟಿಗೇ ಸೋಲಾರ್‌ನವರು ಡ್ರಿಲ್ ಹಿಡಿದು ಬರುತ್ತಾರೆ. ತೂತಿನ ಸುತ್ತ ರಬ್ಬರ್ ವಾಶರ್, ಸೀಲಂಟ್ ಸರಿಯಾಗಿ ಕೂರದಿದ್ದರೆ ಮೊದಲ ಜೂನ್‌ನಲ್ಲೇ ಗೊತ್ತಾಗುತ್ತದೆ. ಹಳೆಯ ಕಂಬಗಳು ಪ್ಯಾನೆಲ್‌ನ ಭಾರಕ್ಕಿಂತ ಗಾಳಿಯ ಎಳೆತಕ್ಕೆ ಸಾಲುತ್ತವೆಯೇ ಎಂದು ವೆಲ್ಡರ್‌ನಿಂದ ನೋಡಿಸಿ. ಶೀಟು ಬೇಡವೆಂದು ಎತ್ತರದ ಚೌಕಟ್ಟು ಕಟ್ಟಿಸಿದರೆ 20-30 ಸಾವಿರ ಹೆಚ್ಚಾಗಿ, ನಾಲ್ಕೂಮುಕ್ಕಾಲು ವರ್ಷ ಐದೂವರೆ-ಆರು ಆಗುತ್ತದೆ.

ನೆರಳಿನ ವಿಷಯದಲ್ಲಿ ತೆಂಗಿನಮರದಷ್ಟು ಮೋಸ ಮಾಡುವುದು ಇನ್ನೊಂದಿಲ್ಲ. ಕಟ್ಟಡದ ನೆರಳು ಕಣ್ಣಿಗೆ ಕಾಣುತ್ತದೆ, ಸೋಗೆಯದ್ದು ತೆಳ್ಳಗೆ ಅಲ್ಲಾಡುತ್ತ ಬರುವುದರಿಂದ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ಯಾನೆಲ್‌ನೊಳಗೆ ಕೋಶಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ಸಾಲಿನ ಒಂದು ಕೋಶಕ್ಕೆ ನೆರಳು ಬಿದ್ದರೆ ಬೈಪಾಸ್ ಡಯೋಡ್ ಆ ಭಾಗವನ್ನೇ ದಾಟಿಸಿ ಬಿಡುತ್ತದೆ. ಮೂರರಲ್ಲೊಂದು ಪಾಲು ಪ್ಯಾನೆಲ್ ಸುಮ್ಮನಾಗುತ್ತದೆ. ದಿಕ್ಕೂ ಮುಖ್ಯ. ಮಂಗಳೂರು ಇರುವುದು 12.9 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಹಾಗಾಗಿ ಮೇ ತಿಂಗಳಲ್ಲಿ ಬಂದು “ನೆರಳೇ ಇಲ್ಲ” ಎಂದು ಹೇಳಿ ಹೋದವರ ಮಾತು ಡಿಸೆಂಬರ್‌ಗೆ ಅನ್ವಯಿಸುವುದಿಲ್ಲ. ತೆಂಕು ದಿಕ್ಕಿನ ಮರಗಳ ನೆರಳು ಉದ್ದ ಚಾಚುವುದು ಆಕಾಶ ಅತ್ಯಂತ ಶುಭ್ರವಾಗಿರುವ ತಿಂಗಳುಗಳಲ್ಲೇ. ಮರ ಕಡಿಯುವುದಕ್ಕಿಂತ ಪ್ಯಾನೆಲ್ ಜಾಗ ಬದಲಿಸುವುದು ಮೇಲು. 540 ವ್ಯಾಟಿನ ಆರು ಪ್ಯಾನೆಲ್‌ಗೆ 170 ಚದರಡಿ ಸಾಕು, ಓಡಾಡಿ ತೊಳೆಯಲು ಸ್ವಲ್ಪ ಜಾಗ ಬಿಟ್ಟರಾಯಿತು.

ತಣ್ಣೀರುಬಾವಿ, ಪಣಂಬೂರು, ಉಳ್ಳಾಲದ ಕಡೆ ಉಪ್ಪುಗಾಳಿಗೆ ಮೊದಲು ಹೋಗುವುದು ಪ್ಯಾನೆಲ್ ಅಲ್ಲ, ನಟ್ಟು-ಬೋಲ್ಟು. ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕೆಂದು ಕೊಟೇಶನ್‌ನಲ್ಲಿ ಬರೆಸಿ. ಮೇ ತಿಂಗಳ ಗುಡುಗು-ಸಿಡಿಲಿಗೆ ಅರ್ತಿಂಗ್ ಇನ್ನೂ ದೊಡ್ಡ ತಲೆನೋವು: ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಕರೆಂಟು ಸುಲಭಕ್ಕೆ ಇಳಿಯಲು ಬಿಡುವುದಿಲ್ಲ, ಸಿಡಿಲು ಬರುವುದೂ ಆಗಲೇ. ಗುಂಡಿ ಆಳವಾಗಿ ತೆಗೆಸಿ, ಬೇಸಗೆಯಲ್ಲೇ ಅಳೆಸಿ ನೋಡಿ. ಸರ್ಜ್ ರಕ್ಷಕ ಇನ್ವರ್ಟರ್‌ನ ಎರಡೂ ಬದಿಗೆ ಬೇಕು. ಒಂದು ಸಿಡಿಲಿಗೆ ಇನ್ವರ್ಟರ್ ಹೋದರೆ ಒಂದು ವರ್ಷದ ಉಳಿತಾಯಕ್ಕಿಂತ ಹೆಚ್ಚೇ ಹೋಗುತ್ತದೆ. ಸಿಡಿಲು ಬೀಳದಿದ್ದರೂ ಇನ್ವರ್ಟರ್‌ನ ಆಯಸ್ಸು ಹತ್ತು ವರ್ಷದ ಆಸುಪಾಸು. ಇಪ್ಪತ್ತೈದು ವರ್ಷದ ಲಾಭ ತೋರಿಸುವವರು ಮಧ್ಯೆ ಅದನ್ನು ಬದಲಿಸುವ ಖರ್ಚು ಸೇರಿಸಿದ್ದಾರೆಯೇ ಕೇಳಿ. ಸಾಲ ಮಾಡಿದವರು ಶೇಕಡ ಆರೂವರೆಯ ಬಡ್ಡಿ ಹಿಡಿದರೆ ನಮ್ಮ ಬಿಜೈ ಮನೆಯ ಅವಧಿ ಆರು ವರ್ಷದ ಹತ್ತಿರ ಹೋಗುತ್ತದೆ. ಬ್ಯಾಂಕಿನಲ್ಲಿದ್ದ ಎಫ್‌ಡಿ ಮುರಿದು ಹಾಕಿಸುವವರಿಗೂ ಇದೇ ಮಾತು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಹಳೆಯ ಕೊಟೇಶನ್ ಕೈಯಲ್ಲಿದ್ದವರು ಹೊಸದು ಕೇಳಬಹುದು. ಸಬ್ಸಿಡಿ ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಕೋಶವೂ ಭಾರತದಲ್ಲೇ ತಯಾರಾಗಿರಬೇಕು, ದುಡ್ಡು ಬರುವುದೂ ಘಟಕ ಚಾಲೂ ಆದ ಮೇಲೆಯೇ.

ಕರೆಂಟು ಹೋದಾಗ ಸೋಲಾರ್ ಇದ್ದರೂ ಮನೆ ಕತ್ತಲೆಯೇ ಎಂಬುದನ್ನು ಎಷ್ಟೋ ಜನರಿಗೆ ಯಾರೂ ಮೊದಲೇ ಹೇಳಿರುವುದಿಲ್ಲ. ಲೈನಿನಲ್ಲಿ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಇನ್ವರ್ಟರ್ ತಾನೇ ಆರಿಕೊಳ್ಳುತ್ತದೆ. ಜೂನ್‌ನ ಗಾಳಿಗೆ ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲದಾಗ ದೀಪ ಬೇಕೆಂದರೆ ಬ್ಯಾಟರಿ ಬೇಕು. ಬ್ಯಾಟರಿ ಸೇರಿದರೆ ಅದು ನೆಮ್ಮದಿಯ ಖರ್ಚು. ವಾಪಸಾತಿಯ ಲೆಕ್ಕದೊಳಗೆ ಅದನ್ನು ತುರುಕಬೇಡಿ.

ಮಸ್ಕತ್, ದುಬೈಯಲ್ಲಿ ಕುಟುಂಬ, ಊರಿನಲ್ಲಿ ಬೀಗ ಹಾಕಿದ ದೊಡ್ಡ ಮನೆ: ಮಂಗಳೂರಿನಲ್ಲಿ ಇಂಥವಕ್ಕೆ ಬರವಿಲ್ಲ. ಖಾಲಿ ತಾರಸಿ ದುಡಿಯಲಿ ಎಂಬ ಆಸೆ ಸಹಜ. ಆದರೆ ಬಳಕೆಯೇ ಇಲ್ಲದ ಮನೆಯಲ್ಲಿ ಮೂರು ಕಿಲೋವ್ಯಾಟಿನ ಅಷ್ಟೂ ಕರೆಂಟು ಎರಡೂವರೆ ರೂಪಾಯಿಗೇ ಹೋಗುತ್ತದೆ. ವರ್ಷಕ್ಕೆ ಹತ್ತು ಸಾವಿರ, ವಾಪಸಾತಿಗೆ ಹನ್ನೆರಡು ವರ್ಷ. ಅದೂ ಕಾಗೆ ಹಿಕ್ಕೆ ತೊಳೆಯುವವರು, ಟ್ರಿಪ್ ಆದ ಸ್ವಿಚ್ ಮೇಲೆತ್ತುವವರು ಇದ್ದರೆ.

ಕದ್ರಿ-ಬಿಜೈ-ಬೆಂದೂರಿನ ಫ್ಲ್ಯಾಟುಗಳಲ್ಲಿರುವವರಿಗೆ ಸ್ವಂತ ತಾರಸಿಯಿಲ್ಲ. ಅವರ ದಾರಿ ಸಂಘದ ಮೂಲಕ: ಲಿಫ್ಟು, ಪಂಪು, ಮೆಟ್ಟಿಲ ದೀಪದ ಸಾಮಾನ್ಯ ಮೀಟರ್‌ಗೆ ಸೋಲಾರ್ ಜೋಡಿಸಿದರೆ ಕಿಲೋವ್ಯಾಟಿಗೆ 18 ಸಾವಿರ ಸಬ್ಸಿಡಿ ಇದೆ. ಪಂಪು, ಲಿಫ್ಟು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಓಡುವುದರಿಂದ ಮಿಗುವ ಯೂನಿಟ್ ಕಡಿಮೆ. ಹಲವು ಬಿಡಿ ಮನೆಗಳಿಗಿಂತ ಇಲ್ಲೇ ಲೆಕ್ಕ ಚೆನ್ನಾಗಿ ಕೂಡುತ್ತದೆ. ಅಡ್ಡಿ ಬರುವುದು ಮೆಸ್ಕಾಂನಿಂದಲೂ ಅಲ್ಲ, ಮೋಡದಿಂದಲೂ ಅಲ್ಲ. ಮೇಲಿನ ಮಹಡಿಯವರು ತಾರಸಿ ತಮ್ಮದೆಂದು ಹೇಳುತ್ತಾರೆ, ಕೆಳಗಿನವರು ತಾವು ಲಿಫ್ಟೇ ಬಳಸುವುದಿಲ್ಲ ಎನ್ನುತ್ತಾರೆ. ಮಹಾಸಭೆಯ ನಿರ್ಣಯ ಪುಸ್ತಕದಲ್ಲಿ ಜಾಗ, ಪಾಲು, ತೊಳೆಯುವ ಖರ್ಚು ಮೂರನ್ನೂ ಬರೆಸಿಕೊಂಡ ಮೇಲೆಯೇ ಕೊಟೇಶನ್ ಕೇಳುವುದು ಒಳ್ಳೆಯದು.